ಚುಕ್ಕಿ ಮತ್ತು ಏಳೂವರೆಯ ಬಸ್ಸು

ಐವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರನ್ನು ಶಿಸ್ತಾಗಿ ನಿಲ್ಲಿಸಿದವನು ನಾನು. ಒಂದು ನಾಯಿಯನ್ನು ಕೂರಿಸಲಾರದೆ ಹೋದೆ. ಇದನ್ನು ಮೊದಲೇ ಒಪ್ಪಿಕೊಂಡರೆ ನನಗೂ ಹಗುರ, ನಿಮಗೂ ಅನುಕೂಲ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲುಗಳ ನಡುವೆ ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವನಿಗೆ ಇಂಥ ಸೋಲು ಸಣ್ಣದಲ್ಲ.

ನಾಯಿ ನನ್ನದಲ್ಲ, ಅಕ್ಕನ ಮಗಳು ಸುನಂದಾಳದ್ದು. ಅವಳು ಸ್ಕೂಲ್ ಟೀಚರ್. ಮಾಲೂರಿಗೆ ವರ್ಗವಾದಾಗ ಬಾಡಿಗೆ ಮನೆಯವರು ಟೀಚರ್ ಸಾಕು, ನಾಯಿ ಬೇಡ ಅಂದರಂತೆ. ಹೀಗೆ ಚುಕ್ಕಿ ಯಲ್ದೂರಿನ ನಮ್ಮ ಮನೆಗೆ ಬಂದಳು. ಬಿಳಿ ಮೈ ಮೇಲೆ ಯಾರೋ ಮಸಿಕುಡಿಕೆ ಕೊಡವಿದಂತೆ ಕಪ್ಪು ಚುಕ್ಕಿಗಳು. ಡಾಲ್ಮೇಷಿಯನ್ ಎಂಬ ಜಾತಿ. ಹಿಂದೆ ಸೀಮೆಯ ದೊರೆಗಳು ಇವುಗಳನ್ನು ಕುದುರೆಗಾಡಿಯ ಪಕ್ಕದಲ್ಲಿ ಮೈಲಿಗಟ್ಟಲೆ ಓಡಲೆಂದೇ ಸಾಕುತ್ತಿದ್ದರಂತೆ. ದೊರೆಗಳು ಹೋದರು, ಕುದುರೆಗಾಡಿಗಳೂ ಹೋದವು. ಈ ಸಂಗತಿಯನ್ನು ನಾಯಿಗಳಿಗೆ ತಿಳಿಸಬೇಕಿದ್ದವರು ಮಾತ್ರ ಮರೆತರು.

ಆದ್ದರಿಂದ ಪ್ರತಿದಿನ ಬೆಳಿಗ್ಗೆ ಏಳೂವರೆಗೆ ಶ್ರೀನಿವಾಸಪುರದ ಬಸ್ಸು ನಮ್ಮ ಮನೆ ಮುಂದೆ ಹಾಯುವಾಗ ಚುಕ್ಕಿ ಕಾಂಪೌಂಡು ನೆಗೆದು, ಹಿಂದಿನ ಚಕ್ರದ ಪಕ್ಕದಲ್ಲೇ, ತನ್ನ ಕುಲಧರ್ಮವನ್ನು ಪಾಲಿಸುತ್ತ ಓಡುವಳು. ಕಟ್ಟಿಹಾಕಬಾರದಿತ್ತೇ ಎನ್ನುವಿರಿ. ಹಗ್ಗವನ್ನು ಕಡಿದಳು. ಸರಪಳಿ ಹಾಕಿದರೆ ಕತ್ತು ಗೀರಿಕೊಂಡಳು. ಒಂದು ದಿನ ಚಕ್ರಕ್ಕೂ ಅವಳ ಬಾಲಕ್ಕೂ ಒಂದು ಗೇಣು ಅಂತರವಿತ್ತು. ನನ್ನ ಹೆಂಡತಿ ಲಕ್ಷ್ಮಮ್ಮ ಕಾಫಿ ಲೋಟ ಹಿಡಿದವಳು ಹಾಗೇ ಗೇಟಿನ ತನಕ ಓಡಿದಳು. ಅವಳು ಮುಳಬಾಗಿಲಿನ ಆಚೆಯ ಗಡಿಯೂರಿನವಳು. ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಾಳೆ. "ಏಮೇ, ರಾವೇ ಇಕ್ಕಡ!" ಎಂದು ನಾಯಿಯನ್ನು ಕರೆದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು.

"ರೀ, ಅದು ಚಕ್ರದ ಕೆಳಗೆ ಹೋದ್ರೆ ನಾನು ನೋಡಕ್ಕಾಗಲ್ಲ. ಇಲ್ಲಾ ಕಲಿಸಿ, ಇಲ್ಲಾ ರಸ್ತೆಯಿಂದ ಒಳಗಿರೋ ಆ ಮಾವಿನ ತೋಟದೋರಿಗೆ ಕೊಟ್ಬಿಡಿ. ಅವ್ರು ಕೇಳ್ತಾನೇ ಇದಾರೆ. ಅಲ್ಲಾದ್ರೂ ಬದುಕಿರ್ತದೆ."

ಕಣ್ಣೊರೆಸಿಕೊಂಡು ಹೇಳಿದ ಮಾತು. ನಾನು ಸುನಂದಾಳಿಗೆ ಫೋನ್ ಮಾಡಿದೆ. ನಾಯಿಯ ಜೊತೆಗೆ ಅವಳು ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡಿಯೊಂದನ್ನೂ ಕೊಟ್ಟಿದ್ದಳು. ಒತ್ತಿದರೆ 'ಟಿಕ್' ಎನ್ನುವ ಅದರ ಹೆಸರು ಕ್ಲಿಕ್ಕರ್.

"ಮಾಮ, ಅದು ಸರಿಯಾಗಿ ಮಾಡಿದ ಆ ಕ್ಷಣಕ್ಕೆ ಒಂದೇ ಒಂದ್ಸಲ ಒತ್ಬೇಕು. ಒತ್ತಿದ್ಮೇಲೆ ತಿಂಡಿ ಕೊಡ್ಲೇಬೇಕು. ತಪ್ಪು ಮಾಡಿದ್ರೆ ಸುಮ್ನಿರಿ, ಬೈಬೇಡಿ."

"ಬೈಯದೇನೇ ಕಲಿಸೋದಾ?"

"ಹೂಂ ಮಾಮ. ಅದು ನಿಮ್ಮ ಪ್ಯಾಸೆಂಜರ್ ಅಲ್ಲ."

ಮೊದಲ ಪಾಠದಲ್ಲೇ ಚುಕ್ಕಿ ಕ್ಲಿಕ್ಕರನ್ನು ಜಗಿದು ಹಾಕಿದಳು. ಆಗ ನನ್ನ ಹಳೆಯ ಟಿಕೆಟ್ ಪಂಚನ್ನು ಪೆಟ್ಟಿಗೆಯಿಂದ ತೆಗೆದೆ. ಟಿಕೆಟ್ಟಿಗೆ ತೂತು ಹೊಡೆಯುವ ಕಬ್ಬಿಣದ ಇಕ್ಕಳ ಅದು. ಅದುಮಿದರೆ 'ಕಟಕ್' ಎನ್ನುತ್ತದೆ. ಆ ಸದ್ದಿಗೆ ನಿದ್ದೆ ಮಾಡುತ್ತಿದ್ದವರು ಏಳುತ್ತಿದ್ದರು, ಎದ್ದಿದ್ದವರು ನಿದ್ದೆ ಮಾಡಿದಂತೆ ನಟಿಸುತ್ತಿದ್ದರು. ಈಗ ಕಂಡಕ್ಟರುಗಳ ಕೈಯಲ್ಲಿ ಚೀಟಿ ಉಗುಳುವ ಯಂತ್ರ ಬಂದಿದೆ. ಅದಕ್ಕೆ ಗಾಂಭೀರ್ಯ ಸಾಲದು.

ಆದರೆ ಅಭ್ಯಾಸ ಕೆಟ್ಟದ್ದು. ಕೈಗೆ ಪಂಚು ಬಂದ ಕೂಡಲೇ ನನ್ನ ಬೆರಳು ಕಟಕಟಕಟ ಎಂದು ಬಾರಿಸತೊಡಗಿತು. ಚುಕ್ಕಿ ಏನೂ ಮಾಡದಿದ್ದರೂ ಕಟಕಟ, ಚಪ್ಪಲಿ ಕಚ್ಚಿಕೊಂಡು ಓಡಿದರೂ ಕಟಕಟ. ಪ್ರತಿ ಸದ್ದಿಗೂ ರಸ್ಕಿನ ಚೂರು ಕೊಡಬೇಕೆಂಬುದು ಕಾನೂನು. ನಾಲ್ಕು ದಿನದಲ್ಲಿ ಎರಡು ಪ್ಯಾಕೆಟ್ ರಸ್ಕು ಮುಗಿಯಿತು. ಚುಕ್ಕಿ ಚಪ್ಪಲಿ ಕಚ್ಚುವುದರಲ್ಲಿ ಪಾರಂಗತಳಾದಳು. ಸರಿಯಾದ ಗಳಿಗೆಗಾಗಿ ಕಾಯುವುದು ನನಗೆ ಗೊತ್ತೇ ಇರಲಿಲ್ಲ. ಮೂವತ್ತೊಂದು ವರ್ಷ ನಾನು ಹುಡುಕಿದ್ದು ಟಿಕೆಟ್ ಇಲ್ಲದವರನ್ನು. ಟಿಕೆಟ್ ಕೊಂಡು ತೆಪ್ಪಗೆ ಕೂತವರ ಮುಖ ಒಂದೂ ನೆನಪಿಲ್ಲ.

ಐದನೆಯ ಬೆಳಿಗ್ಗೆ ಜಗಲಿಯ ಮೇಲೆ ಪಂಚು ಹಿಡಿದು ನಿಂತಿದ್ದೆ. ಬಸ್ಸು ಬಂತು, ಚುಕ್ಕಿ ನೆಗೆದಳು. ಎದುರಿನಿಂದ ಟ್ರ್ಯಾಕ್ಟರೊಂದು ಬರುತ್ತಿತ್ತು. ಸುನಂದಾಳ ಪಾಠವೆಲ್ಲ ಮರೆತುಹೋಗಿ, ಹೊಟ್ಟೆಯಾಳದಿಂದ ಹಳೆಯ ಕೂಗೊಂದು ಹೊರಬಿತ್ತು.

"ಹೋಲ್ಡಾನ್!"

ನಾಯಿ ನಿಲ್ಲಲಿಲ್ಲ. ಬಸ್ಸು ನಿಂತಿತು.

ಚುಕ್ಕಿಯ ವ್ಯವಹಾರವಿದ್ದದ್ದು ಓಡುವ ಚಕ್ರದ ಜೊತೆ. ನಿಂತ ಚಕ್ರವನ್ನು ಏನು ಮಾಡಬೇಕೆಂದು ಅವಳ ವಂಶದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಮೂಸಿದಳು, ನನ್ನನ್ನು ನೋಡಿದಳು, ದಿಕ್ಕು ತೋಚದೆ ಕೂತಳು. ನನ್ನ ಬೆರಳು, ದೇವರ ದಯೆ, ಒಂದೇ ಸಲ ಅದುಮಿತು. ಕಟಕ್. ಅವಳು ಓಡಿ ಬಂದು ನನ್ನ ಕಾಲಿಗೆ ಬಿದ್ದಳು ಅನ್ನಬೇಕು, ಅಷ್ಟು ಜೋರಾಗಿ ಬಂದಳು.

ಡ್ರೈವರ್ ನಾರಾಯಣಸ್ವಾಮಿ ಕಿಟಕಿಯಿಂದ ತಲೆ ಹೊರಹಾಕಿದ. "ಯಾರ್ರೀ ಹೋಲ್ಡಾನ್ ಅಂದಿದ್ದು? ಓ, ರಾಮಣ್ಣೋರು! ಮನೇಲಿ ಕೂತ್ರೂ ಡ್ಯೂಟಿ ಬಿಡಲ್ವಾ?"

ವಿಷಯ ಹೇಳಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಮುದುಕಿಯೊಬ್ಬಳು ಇಡೀ ಬಸ್ಸಿಗೆ ಕೇಳುವಂತೆ ಅಂದಳು: "ಬುಟ್ಟಿ ಹೊತ್ಕಂಡು ನಾನು ಓಡ್ಬತ್ತಿದ್ರೆ ಅರೆಗಳಿಗೆ ನಿಲ್ಲಿಸ್ದೋನಲ್ಲ ಈ ಪುಣ್ಯಾತ್ಮ. ನಾಯಿಗೆ ನಿಲ್ಲಿಸವ್ನೆ ನೋಡ್ರಪ್ಪಾ!"

ನನ್ನ ಕಂಡಕ್ಟರ್ ಕಾಲದ ಮಾತು ಅದು, ನಿಜ. ತಲೆ ತಗ್ಗಿಸಿದೆ. ಆದರೆ ನಾರಾಯಣಸ್ವಾಮಿ, "ಕಲೀಲಿ ಬಿಡಿ, ನಾಳೆನೂ ನಿಲ್ಲಿಸ್ತೀನಿ" ಎಂದ. ಬೇಡ ಎಂದು ಯಾರೂ ಅನ್ನಲಿಲ್ಲ, ಆ ಮುದುಕಿಯೂ ಅನ್ನಲಿಲ್ಲ.

ಮರುದಿನ ನಿಜವಾಗಿಯೂ ನಿಲ್ಲಿಸಿದ. ಅದರ ಮರುದಿನವೂ. ಬಸ್ಸು ನಿಂತಾಗ ಚುಕ್ಕಿ ಕೂರುವಳು, ಕಟಕ್, ರಸ್ಕು. ಒಂದು ವಾರದ ಮೇಲೆ ಬಸ್ಸು ನಿಲ್ಲದೆ ಬರೀ ನಿಧಾನವಾಗತೊಡಗಿತು. ಆಮೇಲೆ ಅಷ್ಟೂ ನಿಧಾನವಿಲ್ಲ. ಚುಕ್ಕಿ ಕೂರುವ ಜಾಗವೂ ದಿನಕ್ಕಿಷ್ಟು ರಸ್ತೆಯಿಂದ ಗೇಟಿನ ಕಡೆಗೆ ಸರಿಯುತ್ತ ಬಂತು. ಆಫೀಸಿಗೆ, ಸಂತೆಗೆ, ಕೋರ್ಟಿಗೆ ಹೊರಟ ಅಷ್ಟೂ ಜನ ಕಿಟಕಿಗೆ ಮುಖ ಒತ್ತಿ, "ಕೂತ್ಳು, ಕೂತ್ಳು!" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದವಳು ಸೊಪ್ಪಿನ ಮುದುಕಿಯೇ.

ಕೊನೆಗೊಂದು ಸೋಮವಾರ ಬಸ್ಸು ತನ್ನ ಪೂರ್ತಿ ವೇಗದಲ್ಲಿ ಬಂತು. ಚುಕ್ಕಿ ಗೇಟಿನ ಒಳಗೆ ಕೂತಿದ್ದಳು. ಕಿವಿ ನೆಟ್ಟಗೆ, ಮೈಯೆಲ್ಲ ನಡುಕ, ಪೂರ್ವಜರೆಲ್ಲ ಒಳಗಿನಿಂದ ಕೂಗಿ ಕರೆಯುತ್ತಿದ್ದರೇನೋ, ಆದರೂ ಕೂತಿದ್ದಳು. ಚಕ್ರ ದಾಟಿ ಹೋಯಿತು. ಬಾಗಿಲಲ್ಲಿ ನಿಂತ ಲಕ್ಷ್ಮಮ್ಮ ಕಾಫಿ ಗುಟುಕರಿಸಿ, "ಇರ್ಲಿ ಬಿಡಿ, ಎಲ್ಲಿಗೂ ಕೊಡೋದ್ ಬೇಡ" ಎಂದಳು. ಹೋಗುತ್ತಿದ್ದ ಬಸ್ಸಿನತ್ತ ಕೃತಜ್ಞತೆಯಿಂದ ಕೈ ಎತ್ತಿದೆ.

ಅದು ಡ್ರೈವರನ ಕನ್ನಡಿಯಲ್ಲಿ ಕಂಡಿತೇನೋ, ಬ್ರೇಕು ಕಿರುಚಿತು. ನಾರಾಯಣಸ್ವಾಮಿ ತಲೆ ಹೊರಹಾಕಿ ಕೂಗಿದ. "ಎಲ್ಲಿಗೆ ರಾಮಣ್ಣೋರೇ? ಬೇಗ ಹತ್ತಿ!"

"ಎಲ್ಲಿಗೂ ಇಲ್ಲ ಕಣಪ್ಪಾ. ಥ್ಯಾಂಕ್ಸ್ ಹೇಳೋಣ ಅಂತ ಕೈ ಎತ್ತಿದೆ."

ಬಸ್ಸಿನೊಳಗಿಂದ ಮುದುಕಿಯ ದನಿ: "ಹೇಳಾಯ್ತಲ್ಲ, ಇನ್ನ ಬಿಡು ಮಗಾ. ಸೊಪ್ಪು ಬಾಡೋಯ್ತದೆ."

ಈ ರಸ್ತೆಯಲ್ಲಿ ಬಸ್ಸು ಕುರಿಮಂದೆಗೆ ನಿಂತದ್ದನ್ನು ಕಂಡಿದ್ದೇನೆ. ಮದುವೆ ದಿಬ್ಬಣಕ್ಕೆ, ಪಂಕ್ಚರಿಗೆ, ಕಿಟಕಿ ಪಕ್ಕದ ಸೀಟಿನ ಜಗಳಕ್ಕೆ ನಿಂತದ್ದನ್ನೂ ಕಂಡಿದ್ದೇನೆ. ಥ್ಯಾಂಕ್ಸ್ ಹೇಳಿಸಿಕೊಳ್ಳಲು ನಿಂತದ್ದನ್ನು ಕಂಡದ್ದು ಅಂದೇ. ಈಗಿನ ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಡುವ ಮಾತನ್ನು ಹಿರಿಯನಿಗೇ ಬಿಟ್ಟುಕೊಟ್ಟಿದ್ದರು.

"ರೈಟ್, ರೈಟ್" ಎಂದೆ. ಬಸ್ಸು ಹೊರಟಿತು. ಚುಕ್ಕಿ ಕೂತೇ ಇದ್ದಳು.