ಅಧ್ಯಕ್ಷೆ ಎದ್ದು ನಿಂತಾಗ

ನಿನ್ನೆ ಟಿವಿಯಲ್ಲಿ ಲೋಕಸಭೆ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದು ನನ್ನ ಔದಾರ್ಯ. ಸಭಾಧ್ಯಕ್ಷರು ಎದ್ದು ನಿಂತು 'ಕುಳಿತುಕೊಳ್ಳಿ' ಎಂದು ಅಂಗಲಾಚುತ್ತಿದ್ದರು. ಕೂರುವ ಮನಸ್ಸು ಒಬ್ಬರಿಗೂ ಇರಲಿಲ್ಲ. ನಾನು ಮಾತ್ರ ತೊಂಬತ್ತರ ದಶಕದ ಅಮೆರಿಕದಲ್ಲಿ, ಜರ್ಮನ್‌ಟೌನ್ ಎಂಬ ಊರಿನ ಒಂದು ಶಾಲೆಯ ಊಟದ ಹಾಲ್‌ಗೆ ಹೋಗಿಬಿಟ್ಟಿದ್ದೆ.

ಅಲ್ಲಿ ನಮ್ಮ ಕನ್ನಡ ಸಂಘದ ಮಹಾಸಭೆ. ನಾನು ಕಾರ್ಯದರ್ಶಿ. ಹಿಂದಿನ ಸಭೆಗೆ ಚಕ್ಕರ್ ಹೊಡೆದಿದ್ದರಿಂದ ಸಿಕ್ಕಿದ ಪದವಿ. ಬಂದವರೆಲ್ಲ ಜಾಣರು, ತಪ್ಪಿಸಿಕೊಂಡಿದ್ದರು. ಅಧ್ಯಕ್ಷೆ ವಿಶಾಲಾಕ್ಷಿ ಆಂಟಿ. ಅವರ ಯಜಮಾನರು ಡಾಕ್ಟರ್ ರಂಗಸ್ವಾಮಿ, ಸಂಘ ಕಟ್ಟಿದವರಲ್ಲೊಬ್ಬರು. ಆಂಟಿ ಹಳೆಯ ಕಾಲದವರು ನೋಡಿ, ಗಂಡನ ಹೆಸರು ಹೇಳುತ್ತಿರಲಿಲ್ಲ. 'ನಮ್ಮನೆಯವರು', ಇಲ್ಲವೇ 'ರೀ', ಅಷ್ಟೇ. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪಕ್ಕೆ ಯಜಮಾನರ ಹೆಸರು ಕೇಳಿದರೆ ಆಂಟಿ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದರು. ಒಮ್ಮೆ ನಾನು ಗಡಿಬಿಡಿಯಲ್ಲಿ ನನ್ನ ಹೆಸರೇ ಹೇಳಿ, ಡಾಕ್ಟರರಿಗೆ ಸೇರಬೇಕಾದ ಪುಣ್ಯ ನನಗೆ ಬಂತು.

ಅವತ್ತಿನ ಚರ್ಚೆ, ರಾಜ್ಯೋತ್ಸವದ ಮಕ್ಕಳ ನಾಟಕದಲ್ಲಿ ಇಂಗ್ಲಿಷ್ ಸೇರಿಸಬಹುದೇ ಎಂದು. ಹೊಸದಾಗಿ ಬಂದ ಸಾಫ್ಟ್‌ವೇರ್ ಸಂಸಾರಗಳು ಬೇಕೆಂದವು, ಹಿರಿಯರು ಬೇಡವೆಂದರು. ಹೊಸಬರು ಬೇರೆ ಸಂಘ ಕಟ್ಟುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು.

"ನನ್ನ ಕೈಯಲ್ಲಿ ಸಂಘ ಒಡೀಬಾರ್ದು ಕಣಪ್ಪ," ಎಂದು ಆಂಟಿ ಕುರ್ಚಿ ಜೋಡಿಸುವಾಗಲೇ ನನಗೆ ಹೇಳಿದ್ದರು. ಅದಕ್ಕೇ ಮೊದಲು ನಿಯಮ ಓದಿದರು. ಕೈ ಎತ್ತಿ ಮಾತಾಡಬೇಕು, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರಬಾರದು, ಅಧ್ಯಕ್ಷೆ ಎದ್ದರೆ ಉಳಿದವರು ಕೂರಬೇಕು. ಎಲ್ಲರೂ ತಲೆಯಾಡಿಸಿದೆವು. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಮೈಸೂರಿನಿಂದ ಆಗಷ್ಟೇ ಬಂದಿದ್ದ ಸುಮಾ ಕೈ ಎತ್ತಿದಳು. "ಅಧ್ಯಕ್ಷರೇ, ನಮ್ಮ ಮಗಳಿಗೆ ಕನ್ನಡ ಅರ್ಥ ಆಗತ್ತೆ. ಸ್ಟೇಜ್ ಮೇಲೆ ಹೇಳೋಕೆ ಹೆದರ್ತಾಳೆ. ಎರಡು ಲೈನ್ ಇಂಗ್ಲಿಷಲ್ಲಿ ಬಿಟ್ರೆ..."

ಡಾಕ್ಟರು ಎದ್ದೇಬಿಟ್ಟರು. "ನಿನ್ನೆ ಮೊನ್ನೆ ವೀಸಾ ಮೇಲೆ ಬಂದೋರು ಸಂಘ ನಡೆಸೋದು ನಮಗೆ ಹೇಳ್ಕೊಡ್ಬೇಡಿ. ವೀಸಾ ಮುಗಿದ್ರೆ ನೀವೆಲ್ಲಿರ್ತೀರೋ!"

ಸುಮಾಳ ಮುಖ ಬಾಡಿತು. ಅವಳ ಗಂಡ ಕೋಟು ಹಾಕಿಕೊಳ್ಳತೊಡಗಿದ. ಹಿಂದೆ ನಾಲ್ಕೈದು ಸಂಸಾರಗಳು ಎದ್ದವು.

"ರೀ, ಕೂತ್ಕೊಳ್ರಿ," ಎಂದರು ಆಂಟಿ.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಡಾಕ್ಟರೂ ನಕ್ಕರು. "ಅದನ್ನ ಮನೇಲಿ ಹೇಳೇ. ಇಲ್ಲಿ ನಾನು ಮೆಂಬರ್."

ಎಲ್ಲ ಮುಗಿಯಿತು ಎಂದುಕೊಂಡೆ. ಆಂಟಿ ನಿಧಾನವಾಗಿ ಎದ್ದರು.

"ಡಾಕ್ಟರ್ ರಂಗಸ್ವಾಮಿಯವರೇ."

ನಗು ನಿಂತುಹೋಯಿತು.

"ಅಧ್ಯಕ್ಷೆ ಎದ್ದು ನಿಂತಿದ್ದೀನಿ, ನೀವು ಕೂತ್ಕೋಬೇಕು. ಸುಮಾ ಅವರಿಗೆ ಆಡಿದ ಮಾತು ವಾಪಸ್ ತಗೋಬೇಕು. ಆಗಲ್ಲ ಅಂದ್ರೆ ಹೊರಗೆ ಹೋಗಿ."

ಡಾಕ್ಟರು ಹೆಂಡತಿಯನ್ನು ನೋಡಿದರು. ಕೊನೆಗೆ ಬಾಗಿಲು ತಳ್ಳಿಕೊಂಡು ಹೋದರು. ಕಾರಿನ ಕೀಲಿ ಆಂಟಿಯ ಬ್ಯಾಗಿನಲ್ಲಿತ್ತು. ಪಾಪ, ಆ ಚಳಿಯಲ್ಲಿ ಪಾರ್ಕಿಂಗ್ ಲಾಟಿನಲ್ಲೇ ನಿಂತಿದ್ದರು.

"ಸುಮಾ ಅವರೇ, ನಿಮ್ಮ ಮಾತು ಅರ್ಧಕ್ಕೆ ನಿಂತಿತ್ತು. ಹೇಳಿ," ಎಂದರು ಆಂಟಿ.

ಸುಮಾ ಹೇಳಿದಳು. ಎದ್ದಿದ್ದವರು ಕೂತರು. ಕೈ ಎತ್ತಿಸಿ ಎಣಿಸಿದಾಗ ಸುಮಾಳ ಕಡೆಯವರೇ ಸೋತರು. ಆದರೂ ಅವರಲ್ಲೊಬ್ಬರೂ ಸಂಘ ಬಿಡಲಿಲ್ಲ. "ಪೂರ್ತಿ ಕೇಳಿಸ್ಕೊಂಡ್ರಲ್ಲ, ಸಾಕು," ಎಂದಳು ಸುಮಾ, ಕುರ್ಚಿ ಮಡಿಸುತ್ತಾ.

ಆಮೇಲೆ ಗಂಡ ಹೆಂಡತಿ ಒಂದೇ ಕಾರಿನಲ್ಲಿ ಮನೆಗೆ ಹೋದರು. ಆ ಕಾರಿನಲ್ಲಿ ಏನಾಯಿತೆಂಬ ಕುತೂಹಲ ನನ್ನನ್ನು ಇಷ್ಟು ವರ್ಷ ಕೊರೆದಿದೆ. ಡಾಕ್ಟರು ಈಗಿಲ್ಲ. ಆಂಟಿ ಕಮ್ಮಿಂಗ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಫೋನ್ ಮಾಡಿ ಕೇಳಿಯೇಬಿಟ್ಟೆ.

"ಏನೂ ಆಗ್ಲಿಲ್ಲಪ್ಪ. ವಾರಗಟ್ಟಲೆ ನನ್ನ ಹತ್ರ ಮಾತೇ ಆಡ್ಲಿಲ್ಲ. ತುಂಬ ಅತ್ತೆ. ಆದ್ರೆ ಅವತ್ತಿಂದ, ಹೋಗೋವರ್ಗೂ, ನಾನು ಮಾತಾಡುವಾಗ ಒಂದ್ಸಲಾನೂ ಅಡ್ಡ ಬಾಯಿ ಹಾಕ್ಲಿಲ್ಲ."

ಫೋನಿಟ್ಟು ಇದನ್ನು ಹೆಂಡತಿಗೆ ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಅವತ್ತಿನ ಸಭೇಲಿ ಮಾತಾಡೋಕೆ ನಾನೂ ಕೈ ಎತ್ತಿದ್ದೆ," ಎಂದಳು.

ಎಲ್ಲಿ ಎತ್ತಿದ್ದೆ, ಕೈ ಎತ್ತಿದವರ ಹೆಸರು ಬರೆದುಕೊಳ್ಳುತ್ತಿದ್ದವನು ನಾನು, ಎನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ.

"ಏನು ಹೇಳ್ಬೇಕು ಅಂತಿದ್ದೆ?" ಎಂದು ಕೇಳಿದೆ.

ಅವಳು ನನ್ನನ್ನೇ ಒಂದು ಕ್ಷಣ ಅನುಮಾನದಿಂದ ನೋಡಿ, ಎದುರಿನ ಕುರ್ಚಿಯಲ್ಲಿ ಕೂತಳು. ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು.