ನೇರಳಮಜಲಿನ ತೊಟ್ಟಿಲು ಮತ್ತು ಸಂದರ್ಶಕರ ಪುಸ್ತಕ

ಕೇಬಲ್ ಕಾರಿನಲ್ಲಿ ಕೂತು ಬೆಟ್ಟ ನೋಡಲು ಹೋಗುವವರಿಗೆ ಟಿಕೆಟ್ ಇದೆ, ಬೆಲ್ಟ್ ಇದೆ, ಬಾಗಿಲು ಹಾಕಿಕೊಡಲು ಸಮವಸ್ತ್ರದ ಸಿಬ್ಬಂದಿ ಇದ್ದಾರೆ. ಅಂಥದೇ ಸರಿಗೆಗೆ ನೇತುಬಿದ್ದು ಹೊಳೆ ದಾಟಿ ಸ್ವಂತ ಮನೆಗೆ ಹೋಗುವವರಿಗೆ ಇದು ಯಾವುದೂ ಇಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ತಪ್ಪು ನೇರಳಮಜಲಿನವರದ್ದಲ್ಲ.

ನೇರಳಮಜಲು ಕಡಬ ತಾಲೂಕಿನ ಏಳು ಮನೆಗಳ ಜಾಗ. ಇಚಿಲಂಪಾಡಿ ಕಡೆಯ ಬಸ್ಸಿನಿಂದ ಇಳಿದು ರಬ್ಬರ್ ತೋಟಗಳ ನಡುವೆ ಎರಡು ಕಿಲೋಮೀಟರ್ ನಡೆದರೆ ರುಖಿಯಮ್ಮನ ಅಂಗಡಿ ಸಿಗುತ್ತದೆ. ಅಂಗಡಿಯ ಹಿಂದೆ ಹೊಳೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ, ಸರಕಾರವೂ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯುತ್ತದೆ. ಏಳು ಮನೆಗಳಿರುವುದು ಹೊಳೆಯ ಆಚೆಗೆ.

ಆ ಏಳರಲ್ಲಿ ಒಂದು ಗುರುವಪ್ಪ ಗೌಡರದ್ದು. ವಯಸ್ಸು ಅರವತ್ತೆರಡು, ಓದಿದ್ದು ಐದನೇ ಕ್ಲಾಸು. ಹದಿನೇಳರ ಪ್ರಾಯದಲ್ಲಿ ಕಾಡಿನಲ್ಲಿ ಮರ ಕಡಿಯುವ ಕೂಪಿಗೆ ಸೇರಿ, ಇಳಿಜಾರಿನಿಂದ ಮರದ ದಿಮ್ಮಿಗಳನ್ನು ಸರಿಗೆಯಲ್ಲಿ ಇಳಿಸುವ ಕೆಲಸ ಕಲಿತವರು. ತುಂಡಾದ ಸರಿಗೆಯ ಎಳೆ ಬಿಡಿಸಿ, ಒಂದರೊಳಗೊಂದು ಹೆಣೆದು, ಗಂಟೇ ಕಾಣದ ಹಾಗೆ ಜೋಡಿಸಬಲ್ಲರು. ಹೊಳೆ ದಾಟಲು ಹಾಕಿದ್ದ ಅಡಿಕೆ ಮರದ ಸಂಕ ಮೂರನೇ ಸಲ ನೆರೆಗೆ ತೇಲಿಹೋದ ವರ್ಷ ಕೂಪಿನ ಹಳೆಯ ಸರಿಗೆಯೊಂದನ್ನು ಹೊತ್ತು ತಂದರು. ಈಚೆಯ ಹಲಸಿನ ಮರದಿಂದ ಆಚೆಯ ಬಂಡೆಗೆ ಅದನ್ನು ಬಿಗಿದು, ಎರಡು ರಾಟೆ ಸಿಕ್ಕಿಸಿ, ಕಬ್ಬಿಣದ ಪಟ್ಟಿಯ ಒಂದು ಪೆಟ್ಟಿಗೆ ಇಳಿಬಿಟ್ಟರು. ಎರಡೂ ದಡದಿಂದ ಎಳೆಯಲು ಹಗ್ಗ. ಊರವರು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟರು.

ತೊಟ್ಟಿಲಿಗೆ ಭಾಷೆಯೂ ಬಂತು. ಎರಡೂ ದಡದಲ್ಲಿ ಒಂದೊಂದು ಕಲ್ಲು ಕಟ್ಟಿ ಇಟ್ಟಿದೆ. ಅದರಿಂದ ಸರಿಗೆಗೆ ಒಂದು ಪೆಟ್ಟು ಬಡಿದರೆ ಜನ ಹತ್ತಿದ್ದಾರೆ ಎಂದರ್ಥ. ಎರಡಾದರೆ ಸಾಮಾನು. ಮೂರಾದರೆ ಹುಷಾರಿಲ್ಲದವರು, ಮೆಲ್ಲಗೆ ಎಳೆಯಬೇಕು. ಸರಿಗೆಯಲ್ಲಿ ಓಡುವ ಆ ಸದ್ದು ಆಚೆ ದಡದ ಅಂಗಳದವರೆಗೂ ಕೇಳುತ್ತದೆ.

ಈ ನಾಲ್ಕು ವರ್ಷಗಳಲ್ಲಿ ಮೂರು ಪೆಟ್ಟು ಬಿದ್ದದ್ದೆಲ್ಲ ಹೆಚ್ಚಾಗಿ ಗುರುವಪ್ಪ ಗೌಡರ ಹೆಂಡತಿ ಶೀಲಾವತಿಯವರಿಗಾಗಿ. ಅವರ ಕಿಡ್ನಿ ಎರಡೂ ಸೋತಿವೆ. ಮಂಗಳವಾರ ಮತ್ತು ಶನಿವಾರ ಪುತ್ತೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಮಳೆಗಾಲದಲ್ಲಿ ಹೊಳೆಯ ನಡುವಿನ ಆನೆಕಲ್ಲು ಎಂಬ ಬಂಡೆ ಮುಳುಗಿತೆಂದರೆ ತೊಟ್ಟಿಲನ್ನೂ ಕಟ್ಟಿಹಾಕುತ್ತಾರೆ. ಹೊಳೆ ಕಾಯಬಹುದು, ಡಯಾಲಿಸಿಸ್ ಕಾಯುವುದಿಲ್ಲ. ಆದ್ದರಿಂದ ಜೂನ್ ಬಂತೆಂದರೆ ಶೀಲಾವತಿ ಬಟ್ಟೆಯ ಚೀಲ ಹಿಡಿದುಕೊಂಡು ಈಶ್ವರಮಂಗಲದ ತಂಗಿಯ ಮನೆಗೆ ಹೋಗುತ್ತಾರೆ, ಸೆಪ್ಟೆಂಬರ್ ಮುಗಿದ ಮೇಲೆ ಬರುತ್ತಾರೆ. ಮೂವತ್ತೆಂಟು ವರ್ಷ ಗುಡಿಸಿ ಸಾರಿಸಿದ ಮನೆಯಲ್ಲಿ ಅವರ ಪಾಲಿಗೆ ಮಳೆಗಾಲ ಎನ್ನುವುದೇ ಇಲ್ಲವಾಗಿದೆ. ತಂಗಿ ಒಳ್ಳೆಯವಳು, ಊಟಕ್ಕೆ ಕಡಿಮೆ ಮಾಡುವುದಿಲ್ಲ. ಆದರೂ ಬೇರೆಯವರ ಅಡುಗೆಮನೆಯಲ್ಲಿ ನಾಲ್ಕು ತಿಂಗಳು ಅತಿಥಿಯಾಗಿ ಇರುವುದು ಏನೆಂದು ಇದ್ದವರಿಗೇ ಗೊತ್ತು.

ಬೇಕಾದದ್ದು ನಡೆದು ದಾಟುವಷ್ಟು ಅಗಲದ ಒಂದು ಸೇತುವೆ. ಅದಕ್ಕಾಗಿ ಏಳು ಮನೆಯವರು ಹತ್ತೊಂಬತ್ತು ವರ್ಷಗಳಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದಾರೆ. ಹನ್ನೊಂದಕ್ಕೂ ಸ್ವೀಕೃತಿ ಸಿಕ್ಕಿದೆ. ಸ್ವೀಕರಿಸುವುದರಲ್ಲಿ ಇಲಾಖೆ ಯಾವತ್ತೂ ಹಿಂದೆ ಬಿದ್ದದ್ದಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಹಾಲಿನ ಸೊಸೈಟಿಯವರು ಸದಸ್ಯರನ್ನು ಉತ್ತರದ ಕಡೆ ಯಾತ್ರೆಗೆ ಕರೆದುಕೊಂಡು ಹೋದರು. ಶೀಲಾವತಿಯೇ ಹಟ ಹಿಡಿದು ಗಂಡನನ್ನು ಹೊರಡಿಸಿದರು. ಅಲ್ಲಿ ಬೆಟ್ಟದ ತುದಿಗೆ ಕೇಬಲ್ ಕಾರು. ಗಾಜಿನ ಪೆಟ್ಟಿಗೆಯಲ್ಲಿ ಗುರುವಪ್ಪ ಗೌಡರ ಪಕ್ಕ ಸೊಸೈಟಿ ಅಧ್ಯಕ್ಷ ರಾಮಪ್ರಸಾದ ಭಟ್ಟರು ಕೂತಿದ್ದರು. ಪೆಟ್ಟಿಗೆ ನೆಲ ಬಿಟ್ಟದ್ದೇ ಭಟ್ಟರು ಕಣ್ಣು ಮುಚ್ಚಿದರು. ಎದುರಿನ ಸೀಟಿನ ಹುಡುಗಿಯರು ಕಿರುಚಿದರು, ಕಿರುಚಿದ್ದನ್ನು ತಾವೇ ವಿಡಿಯೊ ಮಾಡಿಕೊಂಡರು. ಕೆಳಗೆ ಪೈನ್ ಮರಗಳ ಕಾಡು, ದೂರದಲ್ಲಿ ಹಿಮದ ಬೆಟ್ಟ. ಗುರುವಪ್ಪ ಗೌಡರು ಅದು ಯಾವುದನ್ನೂ ನೋಡಲಿಲ್ಲ. ತಲೆ ಮೇಲೆತ್ತಿ ರಾಟೆ ನೋಡುತ್ತಿದ್ದರು. ಹತ್ತುವಾಗ ಅಭ್ಯಾಸಬಲದಿಂದ ಬಾಗಿಲಿನ ಕಂಬಿಗೆ ಒಂದು ಪೆಟ್ಟು ಬಡಿದದ್ದನ್ನು ಕಂಡು ಸಿಬ್ಬಂದಿಯವ ಹಿಂದಿಯಲ್ಲಿ ಗದರಿಸಿದ್ದ.

"ಎಷ್ಟು ದೂರ ಉಂಟು ಇನ್ನು?" ಎಂದು ಭಟ್ಟರು ಕಣ್ಣು ಬಿಡದೆ ಕೇಳಿದರು.

"ಅರ್ಧ ಆಯ್ತು. ಹೆದರ್ಬೇಡಿ ಅಣ್ಣೆರೆ, ಸರಿಗೆ ನಮ್ಮದಕ್ಕಿಂತ ನಾಲ್ಕು ಪಾಲು ದಪ್ಪ ಉಂಟು."

"ನಿಮ್ಮದರಲ್ಲಿ ನೀವು ದಿನಾ ಹೋಗುದಾ ಮಾರಾಯ್ರೆ?"

"ಮನೆ ಆಚೆ ಅಲ್ವಾ."

ತುದಿಯಲ್ಲಿ ಅಂಗಡಿಗಳು, ಫೋಟೊ ತೆಗೆಯುವ ಕಟ್ಟೆ, ಮತ್ತೆ ಅದೇ ಪೆಟ್ಟಿಗೆಯಲ್ಲಿ ಕೆಳಕ್ಕೆ. ಗುರುವಪ್ಪ ಗೌಡರು ಅಲ್ಲೆಲ್ಲ ಒಂದು ಸುತ್ತು ಹಾಕಿ, ಇಲ್ಲಿ ವಾಸ ಯಾರು ಎಂದು ವಿಚಾರಿಸಿದರು. ಯಾರೂ ಇಲ್ಲ. ಸಂದರ್ಶಕರ ಪುಸ್ತಕದಲ್ಲಿ ಅನುಭವ ಬರೆಯಿರಿ ಎಂದಾಗ ಅವರು ಕನ್ನಡದಲ್ಲಿ ದುಂಡಗೆ ಬರೆದರು: "ಸರಿಗೆ ಒಳ್ಳೆಯದಿದೆ. ಬೆಲ್ಟು, ಮೆತ್ತೆ ಎಲ್ಲ ಚೆನ್ನಾಗಿದೆ. ಆದರೆ ಆಚೆ ತುದಿಯಲ್ಲಿ ಮನೆ ಇಲ್ಲ."

ಅವರು ಊರಿಗೆ ತಂದ ಪ್ರಸಾದವೆಂದರೆ ಆ ಬೆಲ್ಟು ಮತ್ತು ಮೆತ್ತೆಯ ಯೋಚನೆ.

ಅಕ್ಟೋಬರಿನಲ್ಲಿ ಹನ್ನೊಂದನೇ ಅರ್ಜಿಗೆ ಕೊನೆಗೂ ಕಾಲು ಬಂತು. ಸೇತುವೆ ನಿಜಕ್ಕೂ ಬೇಕೋ ಎಂದು ಕಣ್ಣಾರೆ ನೋಡಿ ವರದಿ ಮಾಡಲು ಇಲಾಖೆಯ ಇಂಜಿನಿಯರ್ ಚೆನ್ನಕೇಶವ ಬರುತ್ತಾರೆಂಬ ಸುದ್ದಿ. ಈ ಒಂದು ವರದಿಯಲ್ಲಿ ಶೀಲಾವತಿಯ ಮುಂದಿನ ಮಳೆಗಾಲ ಇತ್ತು. ಗುರುವಪ್ಪ ಗೌಡರು ಅದಕ್ಕೆ ಹೇಗೆ ತಯಾರಿ ಮಾಡಿದರು ನೋಡಿ. ರಾಟೆ ಬಿಚ್ಚಿ ತೊಳೆದು ಗ್ರೀಸ್ ತುಂಬಿದರು. ಪೆಟ್ಟಿಗೆಗೆ ಹಸಿರು ಬಣ್ಣ ಹೊಡೆದರು. ಗುಜರಿಯ ಜೀಪಿನಿಂದ ಸೀಟನ್ನೂ ಬೆಲ್ಟನ್ನೂ ಕಿತ್ತು ತಂದು ಕೂರಿಸಿದರು. ಬಾಗಿಲಿಗೆ ಕೊಂಡಿ ಇಟ್ಟರು.

ಈಚೆ ದಡದ ರುಖಿಯಮ್ಮನಿಗೆ ಮನುಷ್ಯರೂ ಗೊತ್ತು, ಇಲಾಖೆಯೂ ಗೊತ್ತು. ಗ್ರೀಸಿನ ಡಬ್ಬ ನೋಡಿಯೇ ಅವರು ತಡೆದರು.

"ಗುರುವಣ್ಣ, ನೀವು ಮಾಡುದು ಎಂತ? ರಾಟೆ ಕಿರ್ರ್ ಅಂತ ಕೂಗ್ಲಿ ಬಿಡಿ. ಸಾರು ನಡುನೀರಲ್ಲಿ ಒಮ್ಮೆ ಬೆವರ್ಬೇಕು. ಆಗ ಸೇತುವೆ ಬರ್ತದೆ."

"ಮನೆಗೆ ಬರುವ ಜನವನ್ನು ಹೆದರಿಸಿ ಕರ್ಕೊಂಡು ಬರುದಾ ರುಖಿಯಮ್ಮ? ನಾಳೆ ಅವ್ರು ಬಿದ್ರೆ ಕಟ್ಟಿದವ ಯಾರು ಅಂತ ಕೇಳುದಿಲ್ವಾ?"

ಸೇತುವೆ ಬೇಕೆಂದು ಹತ್ತೊಂಬತ್ತು ವರ್ಷದಿಂದ ಬೇಡುತ್ತಿರುವ ಮನುಷ್ಯನಿಗೆ ತನ್ನ ತೊಟ್ಟಿಲು ಕೆಟ್ಟದ್ದು ಎನಿಸಿಕೊಳ್ಳುವುದು ಮಾತ್ರ ಆಗುವುದಿಲ್ಲ. ನಮ್ಮ ಕಡೆಯವರ ರೋಗ ಇದು. ಬಡತನ ತೋರಿಸಬೇಕಾದ ದಿನವೇ ಅಂಗಳ ಸಾರಿಸಿ, ಇದ್ದ ಒಂದು ಒಳ್ಳೆಯ ಚಾಪೆ ಹಾಸಿ ಕೂರಿಸುತ್ತೇವೆ. ಆಮೇಲೆ ನಮ್ಮ ಕಷ್ಟ ಯಾರಿಗೂ ಕಾಣುವುದಿಲ್ಲ ಎಂದು ದೂರುತ್ತೇವೆ.

ಇಂಜಿನಿಯರ್ ಬಂದರು. ಹಸಿರು ತೊಟ್ಟಿಲು ಬೆಣ್ಣೆಯಲ್ಲಿ ಚೂರಿ ಇಳಿದಂತೆ ಸಾಗಿತು. ಎಡಕ್ಕೆ ಕಾಡು, ಬಲಕ್ಕೆ ಹೊಳೆಯ ತಿರುವು, ಕೆಳಗೆ ಆನೆಕಲ್ಲಿನ ಸುತ್ತ ನೊರೆ. ಸಾಹೇಬರು ಫೋನ್ ತೆಗೆದು ವಿಡಿಯೊ ಮಾಡಿದರು, ನಡುವೆ ಸ್ವಲ್ಪ ನಿಲ್ಲಿಸಿ ಎಂದರು, ನಿಲ್ಲಿಸಲಾಯಿತು. ಆಚೆ ಎಳನೀರು, ನೀರುದೋಸೆ, ಕೋಳಿ ಸಾರು ಕಾದಿದ್ದವು. ಊಟ ಮುಗಿದು ಕೈ ಒರಸಿಕೊಳ್ಳುತ್ತಾ ಅವರು ಶೀಲಾವತಿಯವರನ್ನು ಕೇಳಿದರು, ದಾಟುವುದಕ್ಕೆ ತೊಂದರೆ ಏನಾದರೂ ಇದೆಯೇ ಅಮ್ಮ ಎಂದು. ಹತ್ತೊಂಬತ್ತು ವರ್ಷದಲ್ಲಿ ಸರಕಾರ ಆ ಮನೆಯ ಜಗಲಿಯಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ ಅದು. ಶೀಲಾವತಿ ಆ ದಿನ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ತೋಳಿನ ಸೂಜಿ ಗುರುತು ಕಾಣಬಾರದೆಂದು ಸೆರಗು ಹೊದ್ದಿದ್ದರು. ಊಟ ಮಾಡಿ ಎದ್ದವರ ಎದುರು ಕಷ್ಟ ಹೇಳಿ ಅವರ ಮುಖ ಸಣ್ಣ ಮಾಡುವುದೇ?

"ಹಾಗೆಂತ ಇಲ್ಲ ಸರ್," ಎಂದರು ನಗುತ್ತಾ. "ಅಭ್ಯಾಸ ಆಗಿದೆ."

ಡಿಸೆಂಬರಿನಲ್ಲಿ ಉತ್ತರ ಬಂತು. ಸದರಿ ಸ್ಥಳದಲ್ಲಿ ಸುಸಜ್ಜಿತ ರೋಪ್‌ವೇ ಸೌಲಭ್ಯ ಈಗಾಗಲೇ ಇರುವುದರಿಂದಲೂ, ಸ್ಥಳೀಯರು ಯಾವುದೇ ತೊಂದರೆ ಇಲ್ಲವೆಂದು ತಿಳಿಸಿರುವುದರಿಂದಲೂ ಸೇತುವೆಯ ಅಗತ್ಯ ಕಂಡುಬಂದಿಲ್ಲ. ಜತೆಗೆ ಒಂದು ಕೊಡುಗೆ: ಈ ಜಾಗವನ್ನು ಪ್ರವಾಸಿ ತಾಣವಾಗಿ ಬೆಳೆಸಬಹುದು. ಕೊಡುಗೆ ಮಾತ್ರ ತಡವಾಗಲಿಲ್ಲ. ಎರಡೇ ವಾರದಲ್ಲಿ ರುಖಿಯಮ್ಮನ ಅಂಗಡಿಯ ಎದುರು ಬೋರ್ಡು ಎದ್ದಿತು, ಅಂಗಡಿಯ ಮೇಜಿನ ಮೇಲೆ ಸಂದರ್ಶಕರ ಪುಸ್ತಕ ಬಂದು ಕೂತಿತು. ಇಂಜಿನಿಯರರ ವಿಡಿಯೊವನ್ನು ಅಷ್ಟರಲ್ಲಿ ಯಾರ‍್ಯಾರೋ ಹಂಚಿಕೊಂಡಿದ್ದರು. ನೀವೂ ನೋಡಿರಬಹುದು, ಹೃದಯದ ಗುರುತು ಒತ್ತಿರಬಹುದು.

ಜನ ಬರತೊಡಗಿದರು. ಪುತ್ತೂರು, ಸುಳ್ಯ, ಮಂಗಳೂರು, ನೆಟ್ಟಣದಲ್ಲಿ ರೈಲಿಳಿದು ಬಂದ ಬೇರೆ ಊರವರು. ಹತ್ತಿರದ ಕ್ಷೇತ್ರದಲ್ಲಿ ದೇವರ ದರ್ಶನ ಬೆಳಿಗ್ಗೆ, ತೊಟ್ಟಿಲು ಮಧ್ಯಾಹ್ನ. ಪುಸ್ತಕ ತುಂಬಿತು. ಸೂಪರ್ ಎಂದು ಒಬ್ಬರು. ಸ್ವರ್ಗ ಎಂದು ಇನ್ನೊಬ್ಬರು. ದೊಡ್ಡ ಬೆಟ್ಟದ ಕೇಬಲ್ ಕಾರಿಗಿಂತ ಇದೇ ಥ್ರಿಲ್, ಸೇತುವೆ ಗೀತುವೆ ಕಟ್ಟಿ ಹಾಳು ಮಾಡಬೇಡಿ ಎಂದು ಮಂಗಳೂರಿನ ಒಂದು ಕುಟುಂಬ. ಗುರುವಪ್ಪ ಗೌಡರು ಹಗ್ಗ ಎಳೆದರು. ಬಂದವರಿಗೆ ಇಲ್ಲ ಎನ್ನುವುದು ಹೇಗೆ? ಒಬ್ಬಾಕೆ, ಇದು ಯಾವಾಗ ಕ್ಲೋಸ್ ಆಗುತ್ತದೆ ಅಂಕಲ್ ಎಂದು ಕೇಳಿದಾಗ ಅವರು ಪ್ರಾಮಾಣಿಕವಾಗಿ ಹೇಳಿದರು, ಜೂನ್‌ನಲ್ಲಿ.

ಜನವರಿಯ ಒಂದು ಶನಿವಾರ ಸಂಜೆ ನಾಲ್ಕಕ್ಕೆ ಶೀಲಾವತಿ ಪುತ್ತೂರಿನಿಂದ ಹಿಂದಿರುಗಿದರು. ತೋಳಿಗೆ ಬ್ಯಾಂಡೇಜು, ಕಾಲಿನಲ್ಲಿ ಜೀವವಿಲ್ಲ. ಈಚೆ ದಡದಲ್ಲಿ ಹದಿನೈದು ಮಂದಿ ಸಾಲು ನಿಂತಿದ್ದರು. ಶೀಲಾವತಿ ಸರಿಗೆಯ ಬಳಿಗೆ ಹೋದದ್ದೇ ಕಪ್ಪು ಕನ್ನಡಕದವನೊಬ್ಬ ಮರ್ಯಾದೆಯಿಂದಲೇ ಹೇಳಿದ, "ಕ್ಯೂ ಇದೆ ಅಮ್ಮ, ಹಿಂದಿನಿಂದ ಬನ್ನಿ."

ಶೀಲಾವತಿ ಹಿಂದಕ್ಕೆ ಹೋಗಿ ನಿಂತರು. ಸ್ವಂತ ಮನೆಗೆ ಹದಿನಾರನೆಯವರಾಗಿ.

ಅಂಗಡಿಯೊಳಗಿನಿಂದ ಅದನ್ನು ಕಂಡ ರುಖಿಯಮ್ಮ ಎದ್ದರು. ಹೊರಗೆ ಬಂದರು, ಸಾಲನ್ನು ಸೀಳಿಕೊಂಡು ಹೋಗಿ ಕಲ್ಲು ಎತ್ತಿ ಸರಿಗೆಗೆ ಮೂರು ಪೆಟ್ಟು ಬಡಿದರು.

ಆಗ ತೊಟ್ಟಿಲು ಹೊಳೆಯ ನಡುವೆ ನಿಂತಿತ್ತು. ಅದರಲ್ಲಿದ್ದ ಗಂಡ ಹೆಂಡತಿ ಒಂದೇ ನಗುವನ್ನು ಐದನೇ ಸಲ ವಿಡಿಯೊ ಮಾಡುತ್ತಿದ್ದರು. ಆಚೆ ಹಗ್ಗ ಹಿಡಿದು ನಿಂತಿದ್ದ ಗುರುವಪ್ಪ ಗೌಡರ ಕೈಗೆ ಮೂರು ಪೆಟ್ಟು ಬಂದು ಮುಟ್ಟಿತು. ಅವರು ಯಾರನ್ನೂ ಕೇಳದೆ ತೊಟ್ಟಿಲನ್ನು ತಮ್ಮ ದಡಕ್ಕೆ ಎಳೆದುಕೊಂಡು, ಬೆಲ್ಟು ಬಿಚ್ಚಿ, ಇಳಿಯಿರಿ ಎಂದರು. ನಮ್ಮ ರೌಂಡ್ ಮುಗಿದಿಲ್ಲ ಎಂದು ಅವರು ವಾದಿಸಿದರು. ಗುರುವಪ್ಪ ಗೌಡರು ಖಾಲಿ ತೊಟ್ಟಿಲನ್ನು ಅಂಗಡಿಯ ದಡಕ್ಕೆ ಬಿಟ್ಟಾಗಿತ್ತು. ರುಖಿಯಮ್ಮ ಶೀಲಾವತಿಯನ್ನು ಹಿಡಿದು ಕೂರಿಸಿದರು. ಹಗ್ಗ ಮೆಲ್ಲಗೆ, ಬಹಳ ಮೆಲ್ಲಗೆ ಸರಿಯಿತು. ದಡ ಹತ್ತಿದ ಶೀಲಾವತಿಗೆ ಸುಧಾರಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕಾಯಿತು. ಹೊಳೆಯ ಆಚೆ ಬದಿಯಲ್ಲಿ ಸಿಕ್ಕಿಬೀಳುವುದೆಂದರೇನು ಎಂದು ಆ ದಂಪತಿಗೆ ಮುಕ್ಕಾಲು ಗಂಟೆ ತಿಳಿಯಿತು.

"ಪಾಪ, ಅವ್ರನ್ನು ಯಾಕೆ ಇಳ್ಸಿದ್ದು ನೀವು?" ಎಂದರು ಶೀಲಾವತಿ, ಉಸಿರು ಸಿಕ್ಕಿದ ಕೂಡಲೇ. "ನಾನು ಅಲ್ಲೇ ಕೂತ್ಕೊಳ್ತಿದ್ದೆ." ಆಮೇಲೆ ಗಂಡನನ್ನೇ ಒಳಗೆ ಕಳಿಸಿ ಅವರಿಗೆ ಬೆಲ್ಲ, ನೀರು ತರಿಸಿ ಕೊಟ್ಟರು.

ಅವರು ಬೆಲ್ಲ ತಿಂದರು, ನೀರು ಕುಡಿದರು. ಈಚೆ ದಡಕ್ಕೆ ಬಂದು ಪುಸ್ತಕದಲ್ಲಿ ಬರೆದರು: "ಸಿಬ್ಬಂದಿಯ ವರ್ತನೆ ಸರಿಯಿಲ್ಲ. ಅರ್ಧದಲ್ಲೇ ಇಳಿಸಿದರು. ಮುಕ್ಕಾಲು ಗಂಟೆ ಆಚೆ ಕಡೆ ಸಿಕ್ಕಿಹಾಕಿಕೊಂಡೆವು. ಕ್ರಮ ಕೈಗೊಳ್ಳಿ." ಕೆಳಗೆ ಹೆಸರು, ಊರು, ಫೋನ್ ನಂಬರು.

ಆರನೇ ದಿನಕ್ಕೆ ಗುರುವಪ್ಪ ಗೌಡರ ಕೈಗೆ ಇಲಾಖೆಯ ನೋಟಿಸು ಬಂತು. ಸಂದರ್ಶಕರೊಂದಿಗೆ ಸೌಜನ್ಯದಿಂದ ವರ್ತಿಸತಕ್ಕದ್ದು. ಹೊಳೆಯಾಚೆಗೆ ಅದನ್ನು ತಲುಪಿಸಲು ಒಬ್ಬ ನೌಕರ ಸ್ವತಃ ತೊಟ್ಟಿಲಲ್ಲಿ ಬಂದಿದ್ದ. ಅವನಿಗೂ ಎಳನೀರು ಕೊಟ್ಟರು. ಅವನು ಹೋದ ಮೇಲೆ ಗುರುವಪ್ಪ ಗೌಡರು ಟ್ರಂಕಿನಿಂದ ಹನ್ನೊಂದು ಸ್ವೀಕೃತಿಗಳನ್ನು ತೆಗೆದು ನೋಟಿಸಿನ ಪಕ್ಕದಲ್ಲಿಟ್ಟರು.

"ಹತ್ತೊಂಬತ್ತು ವರ್ಷ ನಾವು ಇಲ್ಲಿ ಸಿಕ್ಕಿಬಿದ್ದದ್ದು ಇವ್ರಿಗೆ ಗೊತ್ತಾಗ್ಲಿಲ್ಲ," ಎಂದರು ಹೆಂಡತಿಗೆ. "ಅವ್ರು ಮುಕ್ಕಾಲು ಗಂಟೆ ಸಿಕ್ಕಿಬಿದ್ದದ್ದು ಆರೇ ದಿನಕ್ಕೆ ಗೊತ್ತಾಯ್ತು ನೋಡು."

ಶೀಲಾವತಿ ಈಗ ಚೀಲ ಕಟ್ಟುತ್ತಿದ್ದಾರೆ. ಜೂನ್ ಹತ್ತಿರ ಬಂತು.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಮಳೆಗೆ ಮೊದಲು ನೇರಳಮಜಲಿಗೆ ಹೋಗುವವರಿದ್ದರೆ ಹೋಗಿ. ಶನಿವಾರ ಮೂರು ಪೆಟ್ಟು ಕೇಳಿದರೆ ದಾರಿ ಬಿಡಿ. ಪುಸ್ತಕದಲ್ಲಿ ಸೂಪರ್ ಎಂದು ಬರೆಯಬೇಡಿ, ಸ್ವರ್ಗ ಎಂದು ಬರೆಯಬೇಡಿ. ಆ ಜನರಿಗೆ ದೂರು ಹೇಳಲು ಬರುವುದಿಲ್ಲ, ನಿಮಗೆ ಬರುತ್ತದೆ. ನೀವು ಹೇಳಿದರೆ ಆರು ದಿನದಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಲಿಖಿತ ಸಾಕ್ಷಿಯೂ ಇದೆ. ಪೆನ್ನು ತೆಗೆದುಕೊಂಡು ದೂರು ಬರೆಯಿರಿ: ಇಲ್ಲಿ ಸೇತುವೆ ಇಲ್ಲ, ಕ್ರಮ ಕೈಗೊಳ್ಳಿ. ಕೆಳಗೆ ನಿಮ್ಮ ಹೆಸರು, ಊರು, ಫೋನ್ ನಂಬರು ಹಾಕಿ.