ಗಿರಿಜಕ್ಕ ಮತ್ತು ಸಪ್ಪಳದ ಆಟ

ಗಿರಿಜಕ್ಕನ ನೋಟ ಎದುರಿನವರ ಕಣ್ಣಿನ ಮೇಲೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಕೆಳಗೆ, ತುಟಿಯ ಮೇಲಿರುತ್ತಿತ್ತು. ನೋಡಿದವರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು. ‘ಭಾಳ ಮರ್ಯಾದಿ ಹುಡಿಗಿ’ ಎಂದು ಮಸ್ಕಿಯ ನಮ್ಮ ಓಣಿ ಅವಳನ್ನು ಹೊಗಳುತ್ತಿತ್ತು.

ಅವಳು ನನ್ನ ದೊಡ್ಡಪ್ಪನ ಮಗಳು. ಹನ್ನೆರಡನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ಅವಳ ಕಿವಿ ಹೋಗಿತ್ತು. ಜನಕ್ಕೆ ತಿಳಿದರೆ ಮದುವೆಯಾಗದೆಂದು ದೊಡ್ಡವ್ವ ಮುಚ್ಚಿಟ್ಟಿದ್ದಳು. ತುಟಿ ಕಂಡರೆ ಗಿರಿಜಕ್ಕ ಮಾತು ಹಿಡಿಯುತ್ತಿದ್ದಳು; ಕಾಣದಿದ್ದರೆ ನಕ್ಕು “ಛಲೋ ಆತು ಬಿಡ್ರಿ” ಎನ್ನುತ್ತಿದ್ದಳು. ಹೆಚ್ಚಿನ ಮಾತಿಗೆ ಅದು ಹೊಂದುತ್ತಿತ್ತು. ಒಮ್ಮೆ ನೆರೆಯ ಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತನ್ನ ಎಮ್ಮೆ ಸತ್ತ ಸುದ್ದಿ ಹೇಳಿದಾಗಲೂ ಅದನ್ನೇ ಅಂದಳು.

“ಏನಬೇ, ನಮ್ಮ ಎಮ್ಮಿ ಸತ್ರ ನಿನಗ ಛಲೋ ಆತೇನು? ಇನ್ನ ನಿಮ್ಮ ಮನಿಗೆ ಮಜ್ಜಿಗಿ ಬಂದ್!”

ನಾನು ತಿಳಿಸಿ ಹೇಳಿದಾಗ ಗಿರಿಜಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಎಮ್ಮೀನ ಇಲ್ಲ, ಮಜ್ಜಿಗಿ ಎಲ್ಲಿಂದ ಕೊಡಾಕಿ ಆಕಿ?”

ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ನಾಲ್ಕು ಜನರಿರುವ ಕಡೆ ಅವಳ ಬದಿಯಲ್ಲಿ ಕೂರುವುದು ನನ್ನ ಕೆಲಸ. ಹಿಂದಿನಿಂದ ಯಾರಾದರೂ ಕರೆದರೆ ಮೊಣಕೈ ಒತ್ತುತ್ತಿದ್ದೆ.

ಗಿರಿಜಕ್ಕನ ಅತ್ತಿಗೆಯ ಕುಬಸದ ದಿನ ದೊಡ್ಡಪ್ಪನ ಮನೆಯ ಪಡಸಾಲೆ ತುಂಬ ಹೆಂಗಸರು. ಮುದಗಲ್ಲಿನಿಂದ ಈರಮ್ಮನವರೂ ಬಂದಿದ್ದರು. ಬಸುರಿಗೆ ಉಡಿ ತುಂಬುವುದು ನೆಪ. ತಮ್ಮ ಮಗನಿಗೆ ಗಿರಿಜಕ್ಕನನ್ನು ನೋಡಲು ಬಂದಿದ್ದರು. ನಾನು ಅವಳಿಗೆ ಹೂ ಮುಡಿಸುತ್ತಿದ್ದೆ. ಕನ್ನಡಿಯಲ್ಲಿ ನನ್ನ ತುಟಿ ನೋಡುತ್ತ ಅವಳು ಕೇಳಿದಳು:

“ಇವತ್ತು ನೀ ಬಾಜೂಕ ಕುಂದರತಿ. ಅವರ ಮನ್ಯಾಗ ಯಾರು ಕುಂದರತಾರ?”

ನಾನು ಹೂವಿಗೆ ಇನ್ನೊಂದು ಪಿನ್ನು ಸಿಕ್ಕಿಸಿದೆ.

ಊಟವಾದ ಮೇಲೆ ಈರಮ್ಮನವರೇ ಅಂದರು: “ಸುಮ್ಮನ ಕುಂತ್ರ ನಿದ್ದಿ ಬರ್ತೈತಿ. ಸಪ್ಪಳದ ಆಟ ಆಡೂಣು.” ಒಬ್ಬಳನ್ನು ನಡುವೆ ಕೂರಿಸಿ ರವಿಕೆಯ ಖಣದ ಬಟ್ಟೆಯಿಂದ ಕಣ್ಣು ಕಟ್ಟಬೇಕು, ಹಿಂದೆ ನಿಂತವರು ಏನಾದರೂ ಸಪ್ಪಳ ಮಾಡಬೇಕು, ಅವಳು ಅದು ಏನೆಂದು ಹೇಳಬೇಕು.

ಬಸಮ್ಮ ಮೊರದ ಸಪ್ಪಳ ಗುರುತಿಸಿದಳು. ಒಬ್ಬ ಮುದುಕಿ ಮಜ್ಜಿಗೆ ಕಡೆಯುವುದನ್ನು ಕೇಳಿ “ನಮ್ಮ ಯಜಮಾನರ ಗೊರಕಿ” ಅಂದಾಗ ಪಡಸಾಲೆಯೇ ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಒಬ್ಬೊಬ್ಬರದೂ ಮುಗಿದು ಸರದಿ ನಮ್ಮ ಸಾಲಿಗೆ ಬರುತ್ತಿತ್ತು.

“ಆಕಿಗೆ ಒಳಗ ಕೆಲಸ ಐತ್ರೀ,” ಎಂದಳು ದೊಡ್ಡವ್ವ.

“ಕೆಲಸ ದಿನಾ ಇರೂದ. ಬಾರವ್ವಾ,” ಎಂದು ಈರಮ್ಮನವರು ಗಿರಿಜಕ್ಕನನ್ನು ಕೈಹಿಡಿದು ಎಬ್ಬಿಸಿದರು. ತಾವೇ ಕಣ್ಣು ಕಟ್ಟಿದರು. ಆಮೇಲೆ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿ ಅವಳ ಕಿವಿಯ ಹತ್ತಿರವೇ ಅಲ್ಲಾಡಿಸಿದರು.

ಗಿರಿಜಕ್ಕ ಮುಗುಳ್ನಗುತ್ತ ಕೂತಿದ್ದಳು. ಗೊಂಚಲು ಇನ್ನೂ ಜೋರಾಗಿ ಗಲಗಲಿಸಿತು. ದೊಡ್ಡವ್ವನ ಉಗುರು ನನ್ನ ತೋಳಿನಲ್ಲಿ ಇಳಿಯಿತು.

“ಮಾಡ್ರಿ ಮತ್ತ! ಎಷ್ಟೊತ್ತು ಕಾಯಿಸ್ತೀರಿ?” ಎಂದಳು ಗಿರಿಜಕ್ಕ.

ತಮಾಷೆ ಎಂದೇ ತಿಳಿದು ಹೆಂಗಸರೆಲ್ಲ ಕೈ ತಟ್ಟಿ ನಕ್ಕರು. “ಅಯ್ಯ ಇಕೀನ! ಏನು ಚಾಷ್ಟಿ ಮಾಡ್ತಾಳವ್ವ!” ಈರಮ್ಮನವರೂ ನಕ್ಕರು. “ಹೌದ್ರೀ, ಸಣ್ಣಾಕಿದ್ದಾಗಿಂದ ಹಂಗ,” ಎಂದು ದೊಡ್ಡವ್ವ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಉಳಿದೆವು ಎಂದುಕೊಂಡೆ.

ಗಿರಿಜಕ್ಕ ಖಣ ಬಿಚ್ಚಿದಳು. ನಗುವ ಬಾಯಿಗಳನ್ನು, ತನ್ನವ್ವನ ಮುಖವನ್ನು, ಈರಮ್ಮನವರ ಕೈಯ ಗೊಂಚಲನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಅವಳೂ ನಕ್ಕುಬಿಟ್ಟರೆ ಸಾಕಿತ್ತು. ನಗಲಿ ಎಂದು ನಾನು ಬೇಡಿಕೊಂಡೆ.

“ಚಾಷ್ಟಿ ಅಲ್ರೀ,” ಎಂದಳು. “ನನಗ ಕಿವಿ ಕೇಳಂಗಿಲ್ಲ.”

ಈರಮ್ಮನವರು ಗೊಂಚಲನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಮುದಗಲ್ಲಿನ ಬಸ್ಸಿಗೆ ಹೊತ್ತಾತು,” ಎಂದು ಎದ್ದರು. ದೊಡ್ಡವ್ವ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಗಿರಿಜಕ್ಕ ಎಂದಿನಂತೆ ಕೊಡ ತೆಗೆದುಕೊಂಡು ಹಳ್ಳಕ್ಕೆ ಹೊರಟಳು. ಓಣಿಯ ಹೆಂಗಸರೆಲ್ಲ ಅಲ್ಲಿರುತ್ತಾರೆಂದು ಹೆದರಿ ನಾನೂ ಹಿಂದೆ ಹೋದೆ. ನಮ್ಮನ್ನು ಕಂಡು ಮಾತು ನಿಂತಿತು. ನೀರಿಗಾಗಿ ಉಸುಕಿನಲ್ಲಿ ತೋಡಿದ ಒರತಿಯ ಮುಂದೆ ಬಗ್ಗಿದ್ದ ಹೆಂಗಸೊಬ್ಬಳು ತಿರುಗದೆಯೇ ಏನೋ ಕೇಳಿದಳು. ಗಿರಿಜಕ್ಕ ಕೊಡ ಕೆಳಗಿಟ್ಟು ಅವಳ ಭುಜ ಮುಟ್ಟಿದಳು.

“ಅಕ್ಕಾ, ಈ ಕಡೆ ಮಾರಿ ಮಾಡಿ ಹೇಳ್ರಿ. ನನಗ ಕೇಳ್ಸಲಿಲ್ಲ.”